ಇಂಬಳಕ್ಕೆ ಅಂಟದ ಬೈಗುಳ

ಕೊಡಗಿನ ಕಕ್ಕಡ ತಿಂಗಳ ಮಳೆ. ಭಾಗಮಂಡಲದ ಕಡೆಯ ಕಾಫಿ ತೋಟವೊಂದಕ್ಕೆ ಹೋಗಿದ್ದೆ. ಕಾಲುಚೀಲಕ್ಕೆ ಉಪ್ಪು, ಹೊಗೆಸೊಪ್ಪಿನ ಪುಡಿ ಎಲ್ಲ ಸವರಿಕೊಂಡೇ ಇಳಿದದ್ದು. ಅರ್ಧ ಗಂಟೆಯ ಮಳೆ ಅಷ್ಟನ್ನೂ ತೊಳೆದು ಹಾಕಿತ್ತು. ಲೈನ್‌ಮನೆಯ ಜಗಲಿಯಲ್ಲಿ ಬೂಟು ಕಳಚಿದರೆ ಹಿಮ್ಮಡಿಯ ಪಕ್ಕ ಇಂಬಳವೊಂದು, ಅಂದರೆ ಕಾಡಿನ ನೆಲದ ಜಿಗಣೆ, ನೇರಳೆಹಣ್ಣಿನಂತೆ ಉಬ್ಬಿ ಕೂತಿದೆ. ಕೀಳಲು ಹೋದೆ. ಅಲ್ಲೇ ಕೂತಿದ್ದ ಅಜ್ಜಿ, "ಬಿಡಿ ಸಾರ್, ಹೊಟ್ಟೆ ತುಂಬಿದ್ರೆ ಅದೇ ಬೀಳ್ತದೆ" ಅಂದರು. ಬಿತ್ತು. ರಕ್ತ ಮಾತ್ರ ಸಂಜೆವರೆಗೂ ಜಿನುಗುತ್ತಲೇ ಇತ್ತು.

ಅಂದಮೇಲೆ 'ಜಿಗಣೆ ಥರ ಅಂಟಿಕೊಂಡಿದ್ದಾನೆ' ಎಂಬ ನಮ್ಮ ಮಾತು ಅರ್ಧ ಸುಳ್ಳು. ಸಾಲ ಕೇಳುವ ನೆಂಟ, ಕುರ್ಚಿ ಬಿಡದ ಪುಢಾರಿ ಇವರನ್ನೆಲ್ಲ ಜಿಗಣೆ ಅನ್ನುವಾಗ ನಮ್ಮ ಸಿಟ್ಟು ರಕ್ತದ ಮೇಲಿಲ್ಲ, ಅಂಟಿನ ಮೇಲಿದೆ. ಹೆಸರೇ ಜಿಗಿ, ಜಿಗುಟುಗಳ ನೆಂಟನಂತೆ ಕೇಳಿಸುತ್ತದಲ್ಲ! ರಕ್ತ ಹೀರುವ ಆರೋಪ ಬಡ್ಡಿಯವನಿಗೆ, ತಿಗಣೆಗೆ. ಕಾಡಿನ ಇಂಬಳದ ಹೆಸರು ಹಿಡಿದು ಯಾರನ್ನಾದರೂ ಬೈದದ್ದನ್ನು ನಾನಂತೂ ಕೇಳಿಲ್ಲ. ದಿನಾ ಕಾಲಿಗೆ ಹತ್ತುವುದನ್ನು ಉಪಮೆ ಮಾಡಲು ಪುರುಸೊತ್ತೆಲ್ಲಿ?

ಸಂಸ್ಕೃತದ 'ಜಲೌಕ'ದಲ್ಲಿ ಬೈಗುಳವೇ ಇಲ್ಲ. ನೀರೇ ಮನೆಯಾದದ್ದು ಎಂದಷ್ಟೇ ಅರ್ಥ. ಸುಶ್ರುತ ಸಂಹಿತೆ 12 ಬಗೆ ಎಣಿಸಿ, 6 ವಿಷದವು, 6 ನಿರ್ವಿಷ ಎಂದು ವಿಂಗಡಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಂತೂ 'ಲೀಚ್' ಅಂದರೆ ವೈದ್ಯ. ಪರರ ದುಡ್ಡಿನಲ್ಲಿ ಬದುಕುವವನಿಗೆ ಅದೇ ಹೆಸರು ಅಂಟಿದ್ದು ಆಮೇಲೆ.

ಇನ್ನು ಆ ಜಿನುಗಿನ ವಿಚಾರ. ಜಿಗಣೆಯ ಸ್ರಾವ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಅದರೊಳಗಿನ ಹಿರುಡಿನ್ ಎಂಬ ಪ್ರೋಟೀನು ಹೆಪ್ಪು ಕಟ್ಟಿಸುವ ಥ್ರಾಂಬಿನ್ನನ್ನೇ ಹಿಡಿದು ನಿಲ್ಲಿಸುತ್ತದೆ. ನೆಲದ ಮೇಲಿನ ಇಂಬಳದ ಕುಲದಲ್ಲೂ ಇದೇ ಕೆಲಸದ ಇನ್ನೊಂದು ಪ್ರೋಟೀನು ಸಿಕ್ಕಿದೆ, ಹೀಮಡಿನ್. ಒಂದು ಊಟ ತಿಂಗಳುಗಟ್ಟಲೆ ಸಾಕಾಗುವ ಪ್ರಾಣಿ ಅದು. ಕುಡಿಯುವಾಗ ರಕ್ತ ಗಟ್ಟಿಯಾದರೆ ಕೆಟ್ಟಿತು.

ತುಂಡಾದ ಬೆರಳನ್ನು ಮತ್ತೆ ಜೋಡಿಸಿದಾಗ ಒಮ್ಮೊಮ್ಮೆ ಒಳಗೆ ಬಂದ ರಕ್ತಕ್ಕೆ ಹೊರಹೋಗುವ ದಾರಿ ಸಿಗದೆ ಬೆರಳು ನೀಲಿಗಟ್ಟುತ್ತದೆ. ಆಗ ಜಿಗಣೆ ಬಿಡುತ್ತಾರೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು, ಅದೂ ವೈದ್ಯಕೀಯ ಉಪಕರಣವೆಂದು! ಅದು ಕುಡಿಯುವುದು ಸ್ವಲ್ಪ. ಬಿದ್ದ ಮೇಲೆ ಗಂಟೆಗಟ್ಟಲೆ ಸೋರುತ್ತದಲ್ಲ, ಬೆರಳು ಉಳಿಯುವುದು ಅದರಿಂದ. ನನ್ನ ಕಾಲುಚೀಲ ಹಾಳು ಮಾಡಿದ್ದೂ ಅದೇ.