ಪದ ಪರಿಚಯ: ಟೋಕನ್

ಆಫೀಸಿನ ಮೇಲ್ ನೋಡೋಣ ಅಂತ ಔಟ್‌ಲುಕ್ ತೆರೆಯುತ್ತೀರಿ. ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗಿಯೇ ಹಾಕಿ ಓಕೆ ಒತ್ತುತ್ತೀರಿ. ಮತ್ತೆ ಅದೇ ಬಾಕ್ಸ್! ಕ್ಯಾನ್ಸಲ್ ಮಾಡಿದರೆ ಕೆಳಗಿನ ಪಟ್ಟಿಯಲ್ಲಿ ‘ನೀಡ್ ಪಾಸ್‌ವರ್ಡ್’ ಅಂತ ಬರುತ್ತದೆ. ಆಗ ಪಾಸ್‌ವರ್ಡ್ ಬದಲಿಸಲು ಹೊರಡುವವರೇ ಜಾಸ್ತಿ. ಆದರೆ ಎಷ್ಟೋ ಸಲ ಕೆಟ್ಟಿರುವುದು ಪಾಸ್‌ವರ್ಡ್ ಅಲ್ಲ, ಟೋಕನ್.

ನೀವು ಒಮ್ಮೆ ಲಾಗಿನ್ ಆದ ಮೇಲೆ ಸರ್ವರ್ ನಿಮ್ಮ ಕಂಪ್ಯೂಟರಿಗೆ ಕೊಡುವ ಡಿಜಿಟಲ್ ಚೀಟಿಯೇ ಟೋಕನ್. ಮೊದಲು ಮೇಲ್ ಪ್ರೋಗ್ರಾಂಗಳು ಪ್ರತಿ ಸಲವೂ ಪಾಸ್‌ವರ್ಡನ್ನೇ ಕಳಿಸುತ್ತಿದ್ದವು. ಇದು ಬೇಸಿಕ್ ಅಥೆಂಟಿಕೇಶನ್. ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕರೆ ಮುಗೀತು, ಅಲ್ವಾ? ಅದಕ್ಕೇ ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಆಫೀಸುಗಳಿಗೆ ತಾನು ಕೊಡುವ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಈ ಪದ್ಧತಿಯನ್ನು ನಿಲ್ಲಿಸುತ್ತಾ ಬಂತು.

ಈಗ ಪಾಸ್‌ವರ್ಡಿನ ಬದಲು ಎರಡು ಟೋಕನ್ ಇರುತ್ತವೆ. ಆಕ್ಸೆಸ್ ಟೋಕನ್ ಸಾಮಾನ್ಯವಾಗಿ 60ರಿಂದ 90 ನಿಮಿಷ ನಡೆಯುತ್ತದೆ. ಅದು ಮುಗಿದಾಗ ರಿಫ್ರೆಶ್ ಟೋಕನ್ ತೋರಿಸಿ ಔಟ್‌ಲುಕ್ ತಾನೇ ಹೊಸದನ್ನು ತಂದುಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡ್ ಬದಲಿಸಿದಾಗ ಹಳೆಯ ರಿಫ್ರೆಶ್ ಟೋಕನ್ ರದ್ದಾಗುತ್ತದೆ. ಆಗ ಒಂದು ಸಲ ಕೇಳುವುದು ಸಹಜ. ಹಳೆಯ ವಿವರ ಕಂಪ್ಯೂಟರಿನಲ್ಲೇ ಉಳಿದು ಹೊಸದಕ್ಕೆ ಅಡ್ಡ ಬಂದರೆ ಮಾತ್ರ ಈ ಕಾಟ ಶುರು.

ಮೊದಲು ಬ್ರೌಸರಿನಲ್ಲಿ ಮೇಲ್ ತೆರೆದು ನೋಡಿ. ತೆರೆದರೆ ಪಾಸ್‌ವರ್ಡ್ ಸರಿಯಿದೆ, ಸುಮ್ನೆ ಅದನ್ನು ಮುಟ್ಟಬೇಡಿ. ಔಟ್‌ಲುಕ್ ಮುಚ್ಚಿ, ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ (ವಿಂಡೋಸ್ ಲಾಗಿನ್ ವಿವರ ಉಳಿಸಿಡುವ ಜಾಗ) ಹೋಗಿ. ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ‘ಮೈಕ್ರೋಸಾಫ್ಟ್‌ಆಫೀಸ್16’ ಅಂತ ಶುರುವಾಗುವ ಸಾಲುಗಳಿದ್ದರೆ ಅಳಿಸಿ, ಮತ್ತೆ ಲಾಗಿನ್ ಆಗಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಬಾಕ್ಸನ್ನೂ ಸ್ವಲ್ಪ ಗಮನಿಸಿ. ವೆಬ್ ಪುಟದಂಥ ಲಾಗಿನ್ ಬಂದರೆ ಅದು ಟೋಕನ್ ದಾರಿ. ‘ವಿಂಡೋಸ್ ಸೆಕ್ಯುರಿಟಿ’ ಅನ್ನುವ ಪುಟ್ಟ ಬಾಕ್ಸ್ ಬಂದರೆ ಔಟ್‌ಲುಕ್ ಇನ್ನೂ ಹಳೇ ಪದ್ಧತಿ ಹಿಡಿದಿರಬಹುದು. ಔಟ್‌ಲುಕ್ 2010ಕ್ಕೆ ಟೋಕನ್ ಪದ್ಧತಿ ಗೊತ್ತೇ ಇಲ್ಲ, 2013ಕ್ಕೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕಡತದಲ್ಲಿ, ಬದಲಾವಣೆ ಬೇಕು.

ಬಾಕ್ಸಿನಲ್ಲಿರುವ ಇಮೇಲ್ ವಿಳಾಸ ಯಾರದ್ದು ಅಂತಲೂ ಓದಿ. ಅದು ನಿಮ್ಮದಲ್ಲ, ತಂಡದ ಶೇರ್ಡ್ ಮೇಲ್‌ಬಾಕ್ಸಿನದ್ದಾದರೆ, ಅದರ ಮೇಲಿನ ನಿಮ್ಮ ಅನುಮತಿ ಹೋಗಿರಬಹುದು. ಅಲ್ಲಿ ನಿಮ್ಮ ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ನಡೆಯುವುದಿಲ್ಲ. ಅನುಮತಿ ಮತ್ತೆ ಕೊಡಲು, ಇಲ್ಲವೇ ಆ ಮೇಲ್‌ಬಾಕ್ಸ್ ತೆಗೆಯಲು ಐಟಿ ವಿಭಾಗಕ್ಕೆ ಹೇಳಿ.