ಕಟ್ಟಡದೊಳಗಿನ ತಂತಿ ಮತ್ತು ಪೈಪೋಟಿಯ ಲೆಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೂ ಸಣ್ಣ ಇಂಟರ್ನೆಟ್ ಕಂಪನಿಗಳಿಗೂ ದೂರಸಂಪರ್ಕ ಒಪ್ಪಂದಗಳ ವಿಷಯದಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಸಂಘಗಳಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಕಟ್ಟಡದಲ್ಲಿ ಫೋನಿಗೂ ಇಂಟರ್ನೆಟ್‌ಗೂ ಒಂದೇ ಕಂಪನಿ ಇದೆ, ಅದರ ಸೇವೆ ಹದಗೆಟ್ಟಿದೆ, ಇನ್ನೊಂದು ಕಂಪನಿಯನ್ನು ಒಳಗೆ ಬಿಟ್ಟುಕೊಳ್ಳಲು ಮೊದಲನೆಯದು ಒಪ್ಪುತ್ತಿಲ್ಲ. ಒಪ್ಪಂದ ತರಿಸಿ ಓದಿದರೆ, ಬೇರೆ ಯಾರಿಗೂ ಪ್ರವೇಶ ಕೊಡತಕ್ಕದ್ದಲ್ಲ ಎಂಬ ಸಾಲು ಬಿಲ್ಡರ್ ಕಾಲದಲ್ಲೇ ಅದರೊಳಗೆ ಸೇರಿಕೊಂಡಿರುತ್ತದೆ. ಇದಕ್ಕೆ ಸಹಿ ಹಾಕಿ ಮುಂದುವರಿಸಿದ್ದೇಕೆ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: "ತಂತಿ ಎಳೆದವರು ಅವರೇ ಅಲ್ವಾ ಸಾರ್, ನಾವು ಹೇಗೆ ಬೇಡ ಅನ್ನೋಕಾಗುತ್ತೆ?"

ಹೀಗೆ ಹೇಳುವವರು ತಿಳಿವಳಿಕೆಯಿಲ್ಲದವರಲ್ಲ. ಬ್ಯಾಂಕಿನಲ್ಲೋ ಸಾರ್ವಜನಿಕ ಉದ್ಯಮದಲ್ಲೋ ಹಿರಿಯ ಹುದ್ದೆಯಲ್ಲಿದ್ದು ನಿವೃತ್ತರಾದವರು, ಲಿಫ್ಟಿನ ವಾರ್ಷಿಕ ನಿರ್ವಹಣಾ ಕರಾರನ್ನು ಸಾಲು ಸಾಲಾಗಿ ಓದಿ ಪೈಸೆ ಪೈಸೆಗೂ ಚೌಕಾಸಿ ಮಾಡುವವರು, ಸಂಬಳವಿಲ್ಲದೆ ನೂರಾರು ಮನೆಗಳ ನೀರು, ಕಸ, ಕಾವಲುಗಳ ಚಿಂತೆ ಹೊತ್ತವರು. ಅವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದ್ದರಿಂದಲೇ, ತಂತಿಯ ವಿಷಯ ಬಂದ ಕೂಡಲೇ ಇವರೆಲ್ಲ ಕೈಚೆಲ್ಲಿ ಕೂರುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ.

ಇಲ್ಲಿ ಮೂರು ಬೇರೆ ಬೇರೆ ಸ್ವತ್ತುಗಳಿವೆ. ತಂತಿ ಹಾದುಹೋಗುವ ದಾರಿ, ಅಂದರೆ ನೆಲಮಾಳಿಗೆಯಿಂದ ತಾರಸಿಯವರೆಗಿನ ಶಾಫ್ಟು, ಕೊಳವೆ, ಟೆಲಿಕಾಂ ಕೋಣೆ, ಇವು ಸಾಮಾನ್ಯವಾಗಿ ನಿವಾಸಿಗಳೆಲ್ಲರ ಸಾಮೂಹಿಕ ಸ್ವತ್ತು. ಆ ದಾರಿಯಲ್ಲಿ ಎಳೆದ ತಂತಿ ಕಂಪನಿಯದಿರಬಹುದು, ಬಿಲ್ಡರ್ ಎಳೆಸಿದ್ದರೆ ಸಂಘದ್ದೂ ಆಗಿರಬಹುದು. ದಾಖಲೆ ನೋಡದೆ ಹೇಳಲಾಗದು. ಆ ತಂತಿಯ ಮೇಲೆ ಹರಿಯುವ ಸೇವೆ ಮೂರನೆಯದು. ತಂತಿಯ ಮಾಲೀಕನೇ ಆ ಸೇವೆಯನ್ನು ಮಾರಬೇಕೆಂಬ ಕಟ್ಟುಪಾಡು ತಂತ್ರಜ್ಞಾನದಲ್ಲಂತೂ ಇಲ್ಲ. ತಂತಿ ಎಳೆದವನಿಗೆ ಹೂಡಿದ ಹಣವೂ ಅದರ ಮೇಲೆ ನ್ಯಾಯವಾದ ಲಾಭವೂ ಸಿಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ಹಣವನ್ನು ತಂತಿಯ ಬಾಡಿಗೆಯ ರೂಪದಲ್ಲಿ ಯಾರಿಂದಲಾದರೂ ಪಡೆಯಬಹುದು. ಮನೆಯವರನ್ನು ಕಟ್ಟಿಹಾಕಿಕೊಂಡೇ ಪಡೆಯಬೇಕಾಗಿಲ್ಲ. ಬಸ್ಸಿನ ಮಾಲೀಕನೊಬ್ಬ ತನ್ನ ಖರ್ಚಿನಲ್ಲಿ ಊರಿಗೆ ರಸ್ತೆ ಮಾಡಿಸಿದ ಎಂದುಕೊಳ್ಳಿ. ಅವನಿಗೆ ಸುಂಕ ಕೊಡುವುದು ನ್ಯಾಯ, ಬೇರೆ ಬಸ್ಸು ಊರಿಗೆ ಬರಲೇಬಾರದೆಂದು ಬರೆದುಕೊಡುವುದು ನ್ಯಾಯವಲ್ಲ.

ಇದನ್ನು ಹೇಳಿದ ಕೂಡಲೇ ಸಣ್ಣ ಕಂಪನಿಯವರು, ಅದರಲ್ಲೂ ಕೇಬಲ್ ಟೀವಿಯಿಂದ ಇಂಟರ್ನೆಟ್‌ಗೆ ಬಂದ ಹುಡುಗರು, ಹೌಹಾರುತ್ತಾರೆ. ಹಂಚಿಕೊಳ್ಳುವುದೆಂದರೆ ಪುಕ್ಕಟೆ ಬಿಟ್ಟುಕೊಡುವುದು ಎಂದು ಅವರು ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ 1996ರ ದೂರಸಂಪರ್ಕ ಕಾಯ್ದೆ ಹಳೆಯ ಸ್ಥಳೀಯ ದೂರವಾಣಿ ಕಂಪನಿಗಳು ತಮ್ಮ ಜಾಲದ ಭಾಗಗಳನ್ನು ಬಿಡಿಬಿಡಿಯಾಗಿ ಪ್ರತಿಸ್ಪರ್ಧಿಗಳಿಗೆ ಬಾಡಿಗೆಗೆ ಕೊಡಬೇಕೆಂದು ವಿಧಿಸಿದಾಗ, ಅತಿ ದೊಡ್ಡ ಜಗಳ ನಡೆದದ್ದು ಆ ಬಾಡಿಗೆಯ ಲೆಕ್ಕದ ಮೇಲೆಯೇ. ಹಿಂದೆಂದೋ ಆದ ಖರ್ಚನ್ನಲ್ಲ, ದಕ್ಷವಾದ ಜಾಲವನ್ನು ಇಂದು ಕಟ್ಟಿದರೆ ತಗಲುವ ಖರ್ಚನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ಅಲ್ಲಿನ ನಿಯಂತ್ರಕರು ಹೇಳಿದರು, 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಾಡಿಗೆ ಕಡಿಮೆಯಾಯಿತೆಂದು ತಂತಿಯ ಮಾಲೀಕರು ಕೊನೆಯವರೆಗೂ ವಾದಿಸಿದರು. ಆ ವಾದದಲ್ಲಿ ಹುರುಳೇ ಇರಲಿಲ್ಲವೆಂದು ನಾನು ಹೇಳಲಾರೆ. ಬಾಡಿಗೆ ತೀರಾ ಇಳಿದರೆ ಹೊಸ ತಂತಿ ಎಳೆಯಲು ಯಾರೂ ಮುಂದಾಗುವುದಿಲ್ಲ, ತೀರಾ ಏರಿದರೆ ಹಂಚಿಕೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಆದರೆ ಬಾಡಿಗೆಯೇ ಇಲ್ಲದ ಹಂಚಿಕೆಯನ್ನು ಯಾರೂ ಕೇಳಿರಲಿಲ್ಲ.

ತಾಮ್ರದ ತಂತಿಯ ಕಾಲದಲ್ಲಿ ಈ ಹಂಚಿಕೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯ ಫೋನಿನಿಂದ ಹೊರಟ ಜೋಡಿ ತಂತಿ ಗೋಡೆಯ ಅಥವಾ ಕಂಬದ ಮೇಲಿನ ಡಿ.ಪಿ. ಬಾಕ್ಸ್ ಎಂಬ ಪುಟ್ಟ ಹಂಚಿಕೆ ಪೆಟ್ಟಿಗೆಗೆ, ಅಲ್ಲಿಂದ ರಸ್ತೆಬದಿಯ ಪಿಲ್ಲರ್ ಎಂಬ ದೊಡ್ಡ ಪೆಟ್ಟಿಗೆಗೆ, ಅಲ್ಲಿಂದ ನೆಲದಡಿಯ ದಪ್ಪ ಕೇಬಲ್ಲಿನೊಳಗೆ ಸೇರಿ ಎಕ್ಸ್‌ಚೇಂಜ್‌ಗೆ ಹೋಗುತ್ತಿತ್ತು. ಎಕ್ಸ್‌ಚೇಂಜ್‌ನ ನೆಲಮಹಡಿಯಲ್ಲಿ ಎಂ.ಡಿ.ಎಫ್. ಎಂಬ ಉದ್ದನೆಯ ಕಬ್ಬಿಣದ ಚೌಕಟ್ಟು. ಅದರ ಒಂದು ಮಗ್ಗುಲಿಗೆ ಊರಿನ ಜೋಡಿಗಳೆಲ್ಲ ಬಂದು ಸೇರುತ್ತಿದ್ದವು, ಇನ್ನೊಂದು ಮಗ್ಗುಲಲ್ಲಿ ಯಂತ್ರದ ಸಂಪರ್ಕಗಳಿರುತ್ತಿದ್ದವು, ನಡುವೆ ಬೆರಳಿನಲ್ಲಿ ಎಳೆದು ಕೂರಿಸಬಹುದಾದ ಜಂಪರ್ ತಂತಿಗಳು. ಆ ಜಂಪರ್ ಒಂದನ್ನು ಕಿತ್ತು ಅದೇ ಕಟ್ಟಡದಲ್ಲಿ ಜಾಗ ಬಾಡಿಗೆಗೆ ಪಡೆದ ಬೇರೆ ಕಂಪನಿಯ ಉಪಕರಣಕ್ಕೆ ಕೂರಿಸಿದರೆ, ಆ ಮನೆ ಆ ಕಂಪನಿಯ ಗ್ರಾಹಕರ ಮನೆಯಾಗುತ್ತಿತ್ತು. ರಸ್ತೆ ಅಗೆಯಬೇಕಾಗಿರಲಿಲ್ಲ, ಎರಡನೆಯ ತಂತಿ ಬೇಕಾಗಿರಲಿಲ್ಲ. ಜಪಾನಿನಲ್ಲಿ 2001ರಲ್ಲಿ ಯಾಹೂ ಬಿಬಿ ಎಂಬ ಹೊಸ ಸೇವೆ ಅಗ್ಗದ ಬ್ರಾಡ್‌ಬ್ಯಾಂಡ್ ಕೊಡಲು ಸಾಧ್ಯವಾದದ್ದು ಅಲ್ಲಿನ ಹಳೆಯ ದೂರವಾಣಿ ಕಂಪನಿ ಎನ್‌ಟಿಟಿಯ ತಾಮ್ರದ ಮೇಲೆ ಹೀಗೆ ಕುಳಿತೇ. ಫ್ರಾನ್ಸಿನಲ್ಲಿ ಫ್ರೀ ಎಂಬ ಕಂಪನಿ ತಿಂಗಳಿಗೆ 29.99 ಯೂರೋ ದರ ಇಟ್ಟು ಹಳಬರನ್ನು ನಡುಗಿಸಿದ್ದೂ ಇದೇ ದಾರಿಯಲ್ಲಿ.

ನಮ್ಮ ದೇಶದಲ್ಲಿ ಈ ಬಾಗಿಲು ತೆರೆಯಲಿಲ್ಲ. ಸ್ಥಳೀಯ ತಂತಿಯನ್ನು ಬೇರೆಯವರಿಗೂ ತೆರೆಯಬೇಕೆಂದು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2004ರಲ್ಲಿ ಶಿಫಾರಸು ಮಾಡಿತ್ತು. ಅದೇ ವರ್ಷ ಬಂದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡದೆ, ತಾಮ್ರದ ಬಳಕೆಯನ್ನು ಕಂಪನಿಗಳ ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ತಂತಿಯೆಲ್ಲ ಬಹುಪಾಲು ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ಕೈಯಲ್ಲಿದ್ದಾಗ, ಪರಸ್ಪರ ಒಪ್ಪಂದವೆಂದರೆ ಕೊಡುವವನಿಗೆ ಕೊಡುವ ಅಗತ್ಯವೇ ಇಲ್ಲದ ಒಪ್ಪಂದ. ಸರ್ಕಾರಿ ಸಂಸ್ಥೆಯ ಹೂಡಿಕೆಯನ್ನು ಉಳಿಸಬೇಕೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಅದು ತಪ್ಪು ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆ ತಾಮ್ರಕ್ಕೆ ಬಾಡಿಗೆ ಬರಬಹುದಾಗಿದ್ದ ವರ್ಷಗಳಲ್ಲಿ ಗ್ರಾಹಕರು ಮೊಬೈಲಿನತ್ತ ಹೊರಟುಹೋದರು, ತಂತಿ ಮಣ್ಣಿನಡಿಯಲ್ಲೇ ಹಳತಾಯಿತು.

ಕಡ್ಡಾಯ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ಅಮೆರಿಕದಲ್ಲಿ ಬಾಡಿಗೆ ತಂತಿಯನ್ನು ನೆಚ್ಚಿ ಹುಟ್ಟಿದ ಕೊವ್ಯಾಡ್, ರಿದಮ್ಸ್, ನಾರ್ತ್‌ಪಾಯಿಂಟ್ ಎಂಬ ಕಂಪನಿಗಳು ಮೂರೂ 2001ರಲ್ಲಿ ದಿವಾಳಿ ಅರ್ಜಿ ಹಾಕಿದವು. ಷೇರುಪೇಟೆಯ ಕುಸಿತವೂ ಅತಿಯಾದ ಸಾಲವೂ ಅದಕ್ಕೆ ಕಾರಣ. ಪ್ರತಿಸ್ಪರ್ಧಿಯ ಎಕ್ಸ್‌ಚೇಂಜ್‌ನೊಳಗೆ ಕಾಲಿಡಲು, ತಂತಿ ಸಿಗಲು ಆಗುತ್ತಿದ್ದ ವಿಳಂಬವೂ ಒಂದು ಕಾರಣ. ಪ್ರವೇಶ ಕೊಡಲು ಇಷ್ಟವಿಲ್ಲದವರು ಇಲ್ಲವೆಂದು ಬಾಯಿಬಿಟ್ಟು ಹೇಳುವುದು ಅಪರೂಪ. ಜಾಗವಿಲ್ಲ, ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ, ನಿಮ್ಮ ಅರ್ಜಿಯ ನಮೂನೆ ಹಳೆಯದು, ಮುಂದಿನ ವಾರ ಬನ್ನಿ ಎನ್ನುತ್ತಾರೆ. ನಮ್ಮಲ್ಲೇ 2016ರಲ್ಲಿ ಜಿಯೋ ಬಂದಾಗ, ಜಾಲಗಳ ನಡುವಿನ ಸಂಪರ್ಕ ಬಿಂದುಗಳನ್ನು ಸಾಕಷ್ಟು ಕೊಡಲಿಲ್ಲವೆಂಬ ದೂರಿನ ಮೇಲೆ ಟ್ರಾಯ್ ಮೂರು ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಶಿಫಾರಸು ಮಾಡಿತ್ತು. ಆ ಕಂಪನಿಗಳು ಆರೋಪವನ್ನು ಒಪ್ಪಲಿಲ್ಲ, ವಿಷಯ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಯಾರು ಸರಿಯೆಂಬುದು ಇಲ್ಲಿ ನನ್ನ ವಿಷಯವಲ್ಲ. ಎಷ್ಟು ಬಿಂದು, ಎಷ್ಟು ದಿನದೊಳಗೆ ಎಂಬುದೇ ಅಲ್ಲಿಯೂ ಜಗಳದ ತಿರುಳಾಗಿತ್ತು ಎಂಬುದನ್ನು ಗಮನಿಸಿ. ಬ್ರಿಟನ್ನಿನವರು ಇದನ್ನು ಬೇಗ ಕಂಡುಕೊಂಡರು. 2006ರಲ್ಲಿ ಅಲ್ಲಿನ ಹಳೆಯ ದೂರವಾಣಿ ಕಂಪನಿ ಬಿಟಿ ತನ್ನ ಸ್ಥಳೀಯ ಜಾಲವನ್ನು ಓಪನ್‌ರೀಚ್ ಎಂಬ ಪ್ರತ್ಯೇಕ ಘಟಕಕ್ಕೆ ವಹಿಸಿತು. ಬಿಟಿಯ ಸ್ವಂತ ಮಾರಾಟ ವಿಭಾಗವೂ ಹೊರಗಿನ ಕಂಪನಿಯೂ ಒಂದೇ ಬೆಲೆಗೆ, ಒಂದೇ ಕ್ರಮದಲ್ಲಿ, ಒಂದೇ ಗಡುವಿನೊಳಗೆ ತಂತಿ ಪಡೆಯಬೇಕೆಂಬುದೇ ಆ ಏರ್ಪಾಡಿನ ಜೀವಾಳ.

ಈಗ ತಾಮ್ರ ಹೋಗಿ ಫೈಬರ್ ಬಂದಿದೆ, ಇಲ್ಲಿ ತಾಂತ್ರಿಕವಾಗಿಯೂ ಒಂದು ತೊಡಕಿದೆ. ಮನೆಮನೆಗೆ ಬರುವ ಇಂದಿನ ಫೈಬರ್ ಜಾಲದಲ್ಲಿ ಎಕ್ಸ್‌ಚೇಂಜ್‌ನಿಂದ ಹೊರಟ ಒಂದು ಎಳೆ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 32 ಮನೆಗಳಿಗೆ ಒಡೆಯುತ್ತದೆ. ಆದ್ದರಿಂದ ಒಂದು ಮನೆಯ ಎಳೆಯನ್ನು ಮಾತ್ರ ಎಕ್ಸ್‌ಚೇಂಜ್‌ನಲ್ಲಿ ಕಿತ್ತು ಬೇರೆಯವರಿಗೆ ಕೊಡಲಾಗುವುದಿಲ್ಲ. ಆದರೆ ಸ್ಪ್ಲಿಟರ್‌ನಿಂದ ಮನೆಯವರೆಗಿನ ತುಂಡು ಈಗಲೂ ಮನೆಗೊಂದರಂತೆ ಬೇರೆಯಾಗಿಯೇ ಇರುತ್ತದೆ, ಮತ್ತು ಅಪಾರ್ಟ್‌ಮೆಂಟ್‌ಗಳಲ್ಲಿ ಆ ತುಂಡು ಬಹುತೇಕ ಕಟ್ಟಡದ ಒಳಗೇ ಇರುತ್ತದೆ. ಹಂಚಿಕೆ ನಡೆಯಬೇಕಾದದ್ದು ಅಲ್ಲಿ, ನೆಲಮಾಳಿಗೆಯ ಆ ಪೆಟ್ಟಿಗೆಯ ಬಳಿ. ಫ್ರಾನ್ಸ್ 2008ರ ಕಾನೂನಿನಲ್ಲಿ ಇದನ್ನೇ ಮಾಡಿತು. ಕಟ್ಟಡದ ಮಾಲೀಕರು ಒಂದು ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳಬಹುದು, ಒಳಗಿನ ಫೈಬರ್ ಎಳೆಯುವುದು ಅದೊಂದೇ; ಆದರೆ ಎಳೆದ ಮೇಲೆ ಉಳಿದ ಕಂಪನಿಗಳಿಗೂ ಸಮಂಜಸವಾದ ದರಕ್ಕೆ, ತಾರತಮ್ಯವಿಲ್ಲದೆ ಸಂಪರ್ಕ ಕೊಡಲೇಬೇಕು. ನಮ್ಮ ಸಂಘಗಳಿಗೆ ಇದಕ್ಕಿಂತ ಹೊಂದುವ ಮಾದರಿಯನ್ನು ನಾನು ಕಂಡಿಲ್ಲ, ಏಕೆಂದರೆ ಶಾಫ್ಟಿನಲ್ಲಿ ಐದು ಕಂಪನಿಗಳ ಐದು ಕೇಬಲ್ ಜೋತುಬೀಳುವುದನ್ನೂ ಅದು ತಪ್ಪಿಸುತ್ತದೆ.

ನಮ್ಮ ಕಾನೂನು ಎಲ್ಲಿದೆ? ಕಟ್ಟಡದೊಳಗೆ ಒಬ್ಬರಿಗಷ್ಟೇ ಪ್ರವೇಶ ಕೊಡುವ ಒಪ್ಪಂದಗಳನ್ನು ಪರವಾನಗಿಯ ಉಲ್ಲಂಘನೆಯೆಂದು ಪರಿಗಣಿಸಬೇಕೆಂದು ಟ್ರಾಯ್ 2017ರ ಜನವರಿಯಲ್ಲಿ ಶಿಫಾರಸು ಮಾಡಿತು. 2023ರ ದೂರಸಂಪರ್ಕ ಕಾಯ್ದೆ, ತಂತಿಗೆ ದಾರಿ ಕೊಡುವುದು ತಾರತಮ್ಯವಿಲ್ಲದೆ ಮತ್ತು ಸಾಧ್ಯವಾದಷ್ಟೂ ಒಬ್ಬರಿಗೇ ಮೀಸಲಾಗದಂತೆ ನಡೆಯಬೇಕು ಎನ್ನುತ್ತದೆ. ಆ ಭಾಗ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಅಂಕ ಕೊಡುವ ಟ್ರಾಯ್ ನಿಯಮಾವಳಿ 2024ರ ಅಕ್ಟೋಬರ್‌ನಲ್ಲಿ ಬಂತು. ಇವುಗಳನ್ನು ಓದಿ ನಿಮ್ಮ ಹಳೆಯ ಒಪ್ಪಂದ ತಾನಾಗಿ ರದ್ದಾಯಿತೆಂದು ದಯವಿಟ್ಟು ತಿಳಿಯಬೇಡಿ. "ಸಾಧ್ಯವಾದಷ್ಟೂ" ಎಂಬ ಮಾತಿಗೆ ವಾದ ಪ್ರತಿವಾದಗಳಿಗೆಲ್ಲ ಜಾಗವಿದೆ, ಖಾಸಗಿ ಒಪ್ಪಂದದ ಪ್ರತಿಯೊಂದು ಸಾಲಿಗೂ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ವಕೀಲರು ಕಾಗದ ನೋಡಿಯೇ ಹೇಳಬೇಕು. ಸಿಟ್ಟಿನಲ್ಲಿ ಕೇಬಲ್ ಕತ್ತರಿಸುವ ಕೆಲಸವಂತೂ ಬೇಡವೇ ಬೇಡ. ಜಾಲವು ಅದು ಕುಳಿತ ಜಾಗದ ಸ್ವತ್ತಿಗಿಂತ ಪ್ರತ್ಯೇಕವಾದದ್ದೆಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳಿದೆ; ಗೋಡೆ ನಮ್ಮದಾದ್ದರಿಂದ ತಂತಿಯೂ ನಮ್ಮದು ಎಂಬ ವಾದ ನಿಲ್ಲುವುದಿಲ್ಲ.

ಹಣದ ವಿಷಯದಲ್ಲೂ ಸಂಘಗಳು ಮೋಸ ಹೋಗುತ್ತವೆ. ಕಳೆದ ಮಳೆಗಾಲದಲ್ಲಿ ಒಂದು ಸಂಘದ ಖಜಾಂಚಿ ತುಂಬ ಸಂತೋಷದಿಂದ ಒಂದು ಕರಡನ್ನು ಮೇಜಿನ ಮೇಲಿಟ್ಟರು. ಕ್ಲಬ್‌ಹೌಸಿಗೆ ಉಚಿತ ವೈಫೈ, ಕಾವಲು ಕೋಣೆಗೆ ಉಚಿತ ಫೋನು, ಜೊತೆಗೆ ಸಂಪರ್ಕ ಪಡೆಯುವ ಮನೆಗಳ ಸಂಖ್ಯೆ ಹೆಚ್ಚಿದಂತೆ ಸಂಘಕ್ಕೆ ಹೆಚ್ಚುವ ಪಾಲು. ನಾನು ಆ ಪಾಲಿನ ಕೋಷ್ಟಕದ ಮೇಲೆ ಪೆನ್ಸಿಲ್ ಇಟ್ಟು, ಮುಕ್ಕಾಲು ಮನೆಗಳು ಒಂದೇ ಕಂಪನಿಗೆ ಹೋದ ಮೇಲಷ್ಟೇ ದೊಡ್ಡ ಮೊತ್ತ ಬರುತ್ತದೆ, ಆಮೇಲೆ ಎರಡನೆಯ ಕಂಪನಿ ಬಾಗಿಲು ತಟ್ಟಿದರೆ ನಿಮ್ಮ ಸಮಿತಿಯೇ ಅದನ್ನು ಹೊರಗಿಡಲು ಕಾರಣ ಹುಡುಕುತ್ತದಲ್ಲವೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದುಡ್ಡು ನಮ್ಮ ಮನೆಯವರ ಬಿಲ್ಲಿನಿಂದಲೇ ಬರೋದಲ್ವಾ" ಎಂದರು. ಹೌದು, ಅಲ್ಲಿಂದಲೇ. ಇಂಥ ಏರುಪಾಲಿನ ಒಪ್ಪಂದಗಳನ್ನು ಅಮೆರಿಕದ ನಿಯಂತ್ರಕರು 2022ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ: ಹೆಸರಿಗೆ ಬಾಗಿಲು ತೆರೆದಿರುತ್ತದೆ, ಬಾಗಿಲು ಕಾಯುವವರಿಗೆ ಮಾತ್ರ ಅದನ್ನು ಮುಚ್ಚಿಡುವುದೇ ಲಾಭ.

ಹಾಗಾಗಿ ಈಗ ನಾನು ನೋಡಿಕೊಡುವ ಕರಡುಗಳಲ್ಲಿ ಪಾಲಿನ ಬದಲು ಶಾಫ್ಟಿಗೂ ಕೋಣೆಗೂ ನಿಗದಿತ ಬಾಡಿಗೆ ಬರೆಸುತ್ತೇನೆ, ಎಲ್ಲ ಕಂಪನಿಗಳಿಗೂ ಅದೇ ಮೊತ್ತ. ಒಳಗಿನ ಫೈಬರ್ ಎಳೆಯುವ ಕಂಪನಿ ಎಳೆಯೊಂದಕ್ಕೆ ತಿಂಗಳ ಬಾಡಿಗೆ ಎಷ್ಟೆಂದು ಮೊದಲೇ ಹೇಳಬೇಕು. ಇನ್ನೊಬ್ಬರು ಲಿಖಿತವಾಗಿ ಕೇಳಿದ 15 ದಿನದೊಳಗೆ ಎಳೆ ಬಿಟ್ಟುಕೊಡಬೇಕು. ತಡವಾದರೆ ದಿನದ ಲೆಕ್ಕದಲ್ಲಿ ಬಾಡಿಗೆ ಕಡಿತ. ಟೆಲಿಕಾಂ ಕೋಣೆಯ ಬೀಗದ ಕೈ ಯಾವ ಕಂಪನಿಯ ಬಳಿಯೂ ಇರದೆ ಸಂಘದ ಕಚೇರಿಯಲ್ಲಿ, ದಾಖಲೆ ಪುಸ್ತಕದೊಂದಿಗೆ ಇರಬೇಕು. ಪ್ರತಿಯೊಂದು ಎಳೆಯ ತುದಿಗೂ ಮನೆಯ ಸಂಖ್ಯೆಯ ಚೀಟಿ ಅಂಟಿರಬೇಕು. ಇದೊಂದಿಲ್ಲದೆ ಕೆಲಸಗಾರರು ಊಹೆಯ ಮೇಲೆ ಯಾರದೋ ಎಳೆ ಕಿತ್ತು, ಮೂರನೆಯ ಮಹಡಿಯ ಹಿರಿಯರೊಬ್ಬರ ಫೋನು ವಾರಗಟ್ಟಲೆ ಸತ್ತಿದ್ದನ್ನು ನಾನು ನೋಡಿದ್ದೇನೆ. ಸ್ಥಿರ ದೂರವಾಣಿಯ ಸಂಖ್ಯೆಯನ್ನು ಮೊಬೈಲಿನಂತೆ ಬೇರೆ ಕಂಪನಿಗೆ ಒಯ್ಯುವ ಸೌಲಭ್ಯ ನಮ್ಮಲ್ಲಿಲ್ಲ, ಹಾಗಾಗಿ ಹಳೆಯ ಸಂಖ್ಯೆಗೆ ಬರುವ ಕರೆಗಳನ್ನು ಕೆಲವು ತಿಂಗಳು ಹೊಸದಕ್ಕೆ ತಿರುಗಿಸಿಕೊಡುವ ಮಾತನ್ನೂ ಸೇರಿಸುತ್ತೇನೆ, ಒಪ್ಪುವವರು ಒಪ್ಪುತ್ತಾರೆ.

ಕಂಪನಿಗಳು ಹೆಚ್ಚು ಹಟ ಹಿಡಿಯುವುದು ಕೊನೆಯ ಷರತ್ತಿನ ಮೇಲೆ. ಅವಧಿ ಮುಗಿದಾಗ ಒಳಗಿನ ಫೈಬರ್ ಸವಕಳಿ ಕಳೆದ ಬೆಲೆಗೆ ಸಂಘಕ್ಕೆ ಸೇರಬೇಕು, ಕಿತ್ತೊಯ್ಯುವಂತಿಲ್ಲ ಎಂದು ನಾನು ಬರೆಸುತ್ತೇನೆ. ಆ ಸವಕಳಿಯ ದರವನ್ನು ಒಪ್ಪಂದದ ದಿನವೇ ಅನುಬಂಧದಲ್ಲಿ ನಮೂದಿಸುವವರೆಗೆ ಸಹಿ ಹಾಕಬೇಡಿ ಎಂದು ಹೇಳಿ ಕಾಗದವನ್ನು ಹಿಂದಿರುಗಿಸುತ್ತೇನೆ.