ಇಷ್ಟೆಲ್ಲ ಉಪಕರಣವಿದ್ದೂ ರಾತ್ರಿ ಇಳಿಯುವ ವಿಮಾನ ಬೀಳುವುದೇಕೆ?

ಪ್ರಶ್ನೆ: ನಮ್ಮ ಮನೆ ಯಲಹಂಕ ವಾಯುನೆಲೆಯ ಹತ್ತಿರ. ನುರಿತ ಪೈಲಟ್‌ಗಳು, ಒಳ್ಳೆಯ ಉಪಕರಣಗಳು ಇದ್ದರೂ ಸೇನೆಯ ಸಾಗಣೆ ವಿಮಾನಗಳು ರಾತ್ರಿ ಇಳಿಯುವಾಗ ಅಪಘಾತಕ್ಕೆ ಸಿಲುಕುವುದು ಹೇಗೆ?

ಉತ್ತರ: ಎಂಜಿನ್ ಕೆಟ್ಟಿರಬೇಕು ಎಂದೇ ನಾವು ಮೊದಲು ಊಹಿಸುತ್ತೇವೆ. ಆದರೆ ಏನೂ ಕೆಡದ ವಿಮಾನವೂ ಬೀಳುತ್ತದೆ. 2008ರ ಜನವರಿ 23ರ ರಾತ್ರಿ ಪೋಲೆಂಡ್ ವಾಯುಪಡೆಯ ಸಿ-295 ಸಾಗಣೆ ವಿಮಾನ ಮಿರೊಸ್ವಾವಿಯೆಟ್ಸ್ ನೆಲೆಯ ಬಳಿ ಬಿದ್ದು ಒಳಗಿದ್ದ 20 ಮಂದಿಯೂ ತೀರಿಕೊಂಡರು. ನಮ್ಮ ವಾಯುಪಡೆ 56 ವಿಮಾನಗಳಿಗೆ ಬೇಡಿಕೆ ಇಟ್ಟಿರುವುದೂ ಇದೇ ಮಾದರಿಗೆ. ಅಂದು ಮೋಡ ಕೆಳಗಿಳಿದಿತ್ತು. ಮೊದಲ ಯತ್ನ ಕೈಗೂಡದೆ ಎರಡನೇ ಸಲ ಬರುತ್ತಿದ್ದರು. ಕತ್ತಲಲ್ಲಿ ವಿಮಾನ ಪಕ್ಕಕ್ಕೆ ವಾಲುತ್ತ ಹೋದದ್ದು ಪೈಲಟ್‌ಗಳಿಗೆ ತಿಳಿಯಲೇ ಇಲ್ಲ. ನೆಲ ಸಮೀಪಿಸಿದಾಗ ಕೂಗಿ ಎಚ್ಚರಿಸುವ ವ್ಯವಸ್ಥೆಯ ಧ್ವನಿಯೂ ಆಫ್ ಆಗಿತ್ತು.

ವಾಲಿದ್ದು ಮೈಗೆ ಗೊತ್ತಾಗುವುದಿಲ್ಲವೇ? ಇಲ್ಲ. ಸಮತೋಲ ಹೇಳುವುದು ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಅದಕ್ಕೆ ಸುಳಿವೇ ಸಿಗದು. ಹಗಲಲ್ಲಿ ದಿಗಂತ ನೋಡಿ ಕಣ್ಣು ತಿದ್ದುತ್ತದೆ. ರಾತ್ರಿ ಮೋಡದೊಳಗೆ ತಿದ್ದುವವರು ಯಾರು? ಮೀಟರುಗಳು ಮಾತ್ರ.

ಮೋಡವಿಲ್ಲದ ರಾತ್ರಿಯೂ ಕಣ್ಣು ಮೋಸ ಮಾಡುತ್ತದೆ. ಸುತ್ತ ಕಗ್ಗತ್ತಲು, ಮುಂದೆ ರನ್‌ವೇ ದೀಪಗಳಷ್ಟೇ ಇದ್ದರೆ ಪೈಲಟ್‌ಗೆ ತಾನು ತೀರ ಎತ್ತರದಲ್ಲಿದ್ದೇನೆ ಅನಿಸಿ, ಅಗತ್ಯಕ್ಕಿಂತ ಕೆಳಗಿಳಿಯುತ್ತಾನೆ. ಅದಕ್ಕೇ ರನ್‌ವೇ ಪಕ್ಕದಲ್ಲಿ ಪಾಪಿ (PAPI) ಎಂಬ ನಾಲ್ಕು ದೀಪಗಳಿರುತ್ತವೆ: ಎರಡು ಬಿಳಿ, ಎರಡು ಕೆಂಪು ಕಂಡರೆ ಹಾದಿ ಸರಿ, ನಾಲ್ಕೂ ಕೆಂಪಾದರೆ ಅಪಾಯಕಾರಿಯಾಗಿ ಕೆಳಗಿದ್ದೀರಿ ಎಂದರ್ಥ. ಸಾಮಾನ್ಯ 3 ಡಿಗ್ರಿ ಇಳಿಜಾರಿನಲ್ಲಿ ಪ್ರತಿ ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ ಇಳಿಯಬೇಕು. ಅಂದರೆ ಕೊನೆಯ ಮೈಲಿಯಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವುದು ಕೆಲವೇ ಸೆಕೆಂಡು.

ಹೀಗಿರುವಾಗ ‘ಪೈಲಟ್ ತಪ್ಪು’ ಎಂದು ಬರೆದು ಕಡತ ಮುಚ್ಚುವುದು ಸತ್ತವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ರೇಡಿಯೊ ಕಿರಣದಿಂದ ದಾರಿ ತೋರುವ ಐಎಲ್‌ಎಸ್ ಆ ನೆಲೆಯಲ್ಲಿತ್ತೇ? ಜೊತೆಗೂಡಿಸಿದ ಇಬ್ಬರು ಪೈಲಟ್‌ಗಳಿಗೆ ಎಷ್ಟು ಅನುಭವವಿತ್ತು? ಎಚ್ಚರಿಕೆಯ ಧ್ವನಿ ಕೇಳಿಸುತ್ತಿತ್ತೇ? ಇಂಥ ಯಾವುದೇ ಅಪಘಾತದ ತನಿಖೆ ಇವನ್ನೂ ಕೇಳಬೇಕು.

ಮೈಯ ಈ ಮೋಸವನ್ನು ನೆಲದ ಮೇಲೇ ಅನುಭವಕ್ಕೆ ತರುವ ಕೆಲಸ ನಮ್ಮೂರಲ್ಲೇ ನಡೆಯುತ್ತಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ, ದಿಕ್ಕುತಪ್ಪುವುದು ಹೇಗಿರುತ್ತದೆಂದು ತೋರಿಸುತ್ತಾರೆ. ಆ ಹೊತ್ತಲ್ಲಿ ಮೈಯನ್ನು ಬಿಟ್ಟು ಮೀಟರನ್ನು ನಂಬುವ ಅಭ್ಯಾಸ ಮಾಡಿಸುತ್ತಾರೆ.